ಹೆಸರು ಬೇಡ, ನೀವ್ಯಾರು ಅಂತ ಮಾತ್ರ ಹೇಳಿ

ನಿನ್ನೆಯಿಂದ ಸಿಟ್ಟು ಇಳಿದಿಲ್ಲ. ಬರೆದರಾದರೂ ಇಳಿಯಲಿ ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತು ಇದ್ದವರು ಓದಿ.

ರಾಯಚೂರಲ್ಲಿ ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳಿಕೊಂಡು ನನ್ನ ಪಾಡಿಗೆ ನಾನಿದ್ದೆ, ನಿಮಗೇ ಗೊತ್ತಲ್ಲ. ಅದೇ ತಪ್ಪಿಗೆ ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯದವರು ಕರೆದರು. ರಾಯಚೂರು, ಬಳ್ಳಾರಿ, ಕೊಪ್ಪಳ ಮೂರರಲ್ಲಿ ಯಾವುದು ಅಂತ ಕೇಳಬೇಡಿ, ಹೇಳಲ್ಲ. ಅಲ್ಲಿಯ ಸಿಬ್ಬಂದಿಯ ಸಮೀಕ್ಷೆ ಮಾಡಿಕೊಡಬೇಕಿತ್ತು. ಕೆಲಸದ ವಾತಾವರಣ ಹೇಗಿದೆ, ಮೇಲಿನವರು ಹೇಗೆ ಮಾತಾಡಿಸುತ್ತಾರೆ, ದೂರು ಕೊಟ್ಟರೆ ಕೇಳುವವರು ಇದ್ದಾರಾ, ಇಂಥವು. ಇಂಗ್ಲಿಷ್‌ನಲ್ಲಿ ಕ್ಲೈಮೇಟ್ ಸರ್ವೆ ಅಂತಾರೆ. ಸುತ್ತೋಲೆ ಬರೆದ ಪುಣ್ಯಾತ್ಮರು ಅದನ್ನ 'ಕಾರ್ಯಸ್ಥಳದ ಹವಾಮಾನ ಸಮೀಕ್ಷೆ' ಅಂತ ಕನ್ನಡ ಮಾಡಿದ್ದರು. ಮೆಟ್ಟಿಲ ಹತ್ತಿರ ಒಬ್ಬ ಅಟೆಂಡರ್ ನನ್ನ ನಿಲ್ಲಿಸಿ, "ಬಿಸ್ಲು ಭಾಳ ಐತಿ ಅಂತ ಬರಕೊಳ್ರಿ ಸರ. ನಮ್ ಸೆಕ್ಷನ್ನಿನ ಫ್ಯಾನ್ ತಿರುಗಂಗಿಲ್ಲ, ಅದನ್ನೂ ಬರಕೊಳ್ರಿ" ಅಂದ. ಇಡೀ ಸಮೀಕ್ಷೆಯಲ್ಲಿ ಬಾಯಿಬಿಟ್ಟು ನಿಜ ಹೇಳಿದವನು ಅವನೊಬ್ಬನೇ.

ಈಗ ಫಾರ್ಮಿನ ಕಥೆ ಕೇಳಿ, ಫೋನಿನಲ್ಲೇ ತುಂಬೋದು. ತಲೆಯ ಮೇಲೆ ದಪ್ಪ ಅಕ್ಷರ: 'ನಿಮ್ಮ ಉತ್ತರ ಗೌಪ್ಯವಾಗಿರುತ್ತದೆ. ಹೆಸರು ಬರೆಯುವ ಅಗತ್ಯವಿಲ್ಲ.' ಅದರ ಕೆಳಗೇ ಐದು ಕಾಲಂ. ವಿಭಾಗ, ಹುದ್ದೆ, ಗಂಡೋ ಹೆಣ್ಣೋ, ವಯಸ್ಸು, ಎಷ್ಟು ವರ್ಷದ ಸರ್ವಿಸ್. ಐದೂ ಕಡ್ಡಾಯ, ಕೆಂಪು ಚುಕ್ಕಿ ಇಟ್ಟಿದ್ದು.

ಟಪಾಲು ವಿಭಾಗದಲ್ಲಿ ಇರೋದೇ ನಾಲ್ಕು ಜನ. ಅದರಲ್ಲಿ ಹೆಂಗಸು ಒಬ್ಬರೇ. ಆ ಹೆಣ್ಣುಮಗಳು ಐದು ಕಾಲಂ ಯಾಕೆ, ಎರಡು ತುಂಬಿದರೆ ಸಾಕು. ಆಧಾರ್ ಕಾರ್ಡಿನ ಫೋಟೊಗಿಂತ ಚೆನ್ನಾಗಿ ಗುರುತು ಸಿಗುತ್ತೆ. ಹೀಗಿರುವಾಗ ಮುಂದಿನ ಪುಟದಲ್ಲಿ ಪ್ರಶ್ನೆ: 'ನಿಮ್ಮ ವಿಭಾಗದಲ್ಲಿ ಲೈಂಗಿಕ ಕಿರುಕುಳ ನಡೆದಿದೆಯೇ? ಹೌದು / ಇಲ್ಲ.' ಅವರು ಏನು ಒತ್ತಬೇಕು ಹೇಳಿ? ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ನೋಡಿ, ದೂರು ಕೊಟ್ಟವರ ಹೆಸರು ಹೊರಗೆ ಬಿಡೋ ಹಾಗಿಲ್ಲ ಅಂತ ಅದರಲ್ಲೇ ಇದೆ. ಬಿಟ್ಟವರಿಗೆ ದಂಡವೂ ಇದೆ. ಇಲ್ಲಿ ನಾವು ದೂರು ಕೊಡುವ ಮೊದಲೇ ಹೆಸರು ಕಿತ್ತುಕೊಂಡು ಕೂತಿದ್ದೇವೆ.

ನಾವು ಅಂದೆ. ಹೌದು, ಫಾರ್ಮ್ ಮಾಡಿದ್ದು ನಾನೇ, ನನ್ನ ಜಿಮೇಲ್‌ನಿಂದಲೇ. ಕಾಲಂ ಬೇಡ ಅಂತ ಎರಡು ಸಲ ಹೇಳಿದೆ. ಮೂರನೇ ಸಲ ಸುಮ್ನೆ ಸೇರಿಸಿದೆ.

ಅಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನಿನ್ನೆ ಎಲ್ಲರನ್ನೂ ಸಭಾಂಗಣಕ್ಕೆ ಕರೆಸಿದರು. 'ಒಟ್ಟಿಗೆ ತುಂಬಿದರೆ ಕೆಲಸ ಬೇಗ ಮುಗಿಯುತ್ತೆ' ಅಂತೆ. ಸೆಕ್ಷನ್ ಪ್ರಕಾರ ಸಾಲು, ಪ್ರತಿ ಸಾಲಿನ ತುದಿಗೆ ಆ ಸೆಕ್ಷನ್ನಿನ ಸೂಪರಿಂಟೆಂಡೆಂಟ್. ಒಬ್ಬ ಸಾಹೇಬರು ಕೈ ಹಿಂದೆ ಕಟ್ಟಿಕೊಂಡು, ಪರೀಕ್ಷೆ ಹಾಲಿನಲ್ಲಿ ತಿರುಗಿದ ಹಾಗೆ ಸಾಲುಗಳ ಮಧ್ಯೆ ತಿರುಗುತ್ತಿದ್ದರು. ಮುಂದಿನ ಸಾಲಿನಲ್ಲಿ ಕನ್ನಡಕ ಮರೆತು ಬಂದಿದ್ದ ಹಿರಿಯರೊಬ್ಬರು ಫೋನನ್ನೇ ಅವರ ಕೈಗೆ ಕೊಟ್ಟು, "ನೀವ ಒತ್ತಿಬಿಡ್ರಿ ಸಾಹೇಬ್ರ" ಅಂದರು. ಸಾಹೇಬರು ನಿಂತಲ್ಲೇ ಒತ್ತಿದರು. ನಾನು ಎರಡು ಹೆಜ್ಜೆ ಹಿಂದಿದ್ದೆ, ಕಣ್ಣಾರೆ ನೋಡಿದೆ. 'ನನ್ನ ಮೇಲಧಿಕಾರಿ ನನ್ನನ್ನು ಗೌರವದಿಂದ ಕಾಣುತ್ತಾರೆ': ಪೂರ್ತಿ ಒಪ್ಪುತ್ತೇನೆ. ತಮಗೆ ತಾವೇ ಐದಕ್ಕೆ ಐದು! ಒಪ್ಪುವುದೇ ಇಲ್ಲ ಅನ್ನೋದರಿಂದ ಪೂರ್ತಿ ಒಪ್ಪುತ್ತೇನೆ ತನಕ ಐದು ಮೆಟ್ಟಿಲು ಇರುತ್ತಲ್ಲ, 1932ರಲ್ಲಿ ಅಮೆರಿಕದ ರೆನ್ಸಿಸ್ ಲಿಕರ್ಟ್ ಮಾಡಿಕೊಟ್ಟದ್ದು ಅದು. ಜನರ ಮನಸ್ಸು ಅಳೆಯೋಕೆ ಮಾಡಿದ್ದ ಪಾಪ. ಸಾಹೇಬರ ಮನಸ್ಸು ಅಳೆದು ಬಂತು.

ಇನ್ನು ಕೊನೆಯಲ್ಲಿ 'ಬೇರೆ ಏನಾದರೂ ಹೇಳುವುದಿದ್ದರೆ' ಅಂತ ಒಂದು ಖಾಲಿ ಜಾಗ. ನಮ್ಮ ಕಡೆ ಅದು ಇನ್ನೂ ಅಪಾಯ. ಒಬ್ಬರು 'ಮಾಡಕತ್ತಾರ' ಅಂತ ಬರೀತಾರೆ, ಒಬ್ಬರು 'ಮಾಡ್ತಾ ಇದ್ದಾರೆ' ಅಂತ. ಭಾಷೆ ನೋಡಿದರೆ ಸಾಕು, ಆಫೀಸಿನ ಅರ್ಧ ಜನರ ಊರು ಹೇಳಬಹುದು.

ಇದು ನನಗೆ ಹೇಗೆ ಗೊತ್ತು? ಹೇಳಿಬಿಡ್ತೀನಿ. ಇಷ್ಟು ವರ್ಷ ಹೆಂಡತಿಗೂ ಹೇಳಿರಲಿಲ್ಲ.

ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಇಂಥದ್ದೇ ಒಂದು ಸಮೀಕ್ಷೆ ಆಗಿತ್ತು. ಆಗ ಕಾಗದದ ಫಾರ್ಮು, ಪೆನ್ನಲ್ಲಿ ಬರೆಯೋದು. ಲೆಕ್ಕ ಕೂಡಿಸೋಕೆ ನನ್ನ ಹಾಕಿದ್ದರು. ಒಂದು ಹಾಳೆಯಲ್ಲಿ ಆಫೀಸಿನ ದೊಡ್ಡವರ ಬಗ್ಗೆ ಖಾರವಾಗಿ ಬರೆದಿತ್ತು. ಅಕ್ಷರ ನೋಡಿದ ಕೂಡಲೇ ಗೊತ್ತಾಯಿತು. 'ಳ' ಬರೆದು ಅಷ್ಟುದ್ದ ಬಾಲ ಎಳೆಯೋರು ಇಡೀ ಆಫೀಸಿನಲ್ಲಿ ಒಬ್ಬರೇ ಅಕ್ಕ. ಕ್ಯಾಂಟೀನಿನಲ್ಲಿ ಮಿರ್ಚಿ ತಿನ್ನುತ್ತಾ, ಕೇಳುವವರಿದ್ದಾರೆ ಅನ್ನೋ ಹುರುಪಿಗೆ, "ನಮ್ಮ ಅಕ್ಕಾರು ಏನು ಬರೆದಿದ್ದಾರೆ ಗೊತ್ತೇನ್ರಿ" ಅಂದುಬಿಟ್ಟೆ. ಮೇಜಿನ ಸುತ್ತ ಮೂರೇ ಜನ ಇದ್ದದ್ದು. ಹದಿನೈದು ದಿನಕ್ಕೆ ಅಕ್ಕನನ್ನ ಎರಡನೇ ಮಹಡಿಯ ರೆಕಾರ್ಡ್ ರೂಮಿಗೆ ಹಾಕಿದರು. ಅವರಿಗೆ ಮೊಣಕಾಲು ನೋವು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಹತ್ತುತ್ತಿದ್ದರು. ಈಗಲೂ ರಾಯಚೂರಿನ ತೀನ್ ಕಂದೀಲ್ ಹತ್ತಿರ ಸಂತೆ ಚೀಲ ಹಿಡಿದು ಸಿಗ್ತಾರೆ, "ಮಕ್ಕಳು ಹೆಂಗದಾವ ತಮ್ಮಾ" ಅಂತ ಕೇಳ್ತಾರೆ. ಚೀಲ ಇಸಕೊಂಡು ಆಟೋ ತನಕ ಹೋಗ್ತೀನಿ. ಅದೊಂದು ಮಾತ್ರ ಇನ್ನೂ ಹೇಳಿಲ್ಲ.

ಹಾಗಾಗಿ 'ನಂಬಿಕೆ ಇಡ್ರಿ, ಯಾರೂ ನೋಡಲ್ಲ' ಅನ್ನೋರ ಹತ್ತಿರ ನನಗೆ ಮಾತಿಲ್ಲ. ನೋಡಿದವನೇ ನಾನು.

ಒಂದು ವಾದ ಇದೆ. ವಿಭಾಗ ಗೊತ್ತಾಗದೆ ಯಾವ ವಿಭಾಗ ಸರಿ ಮಾಡೋದು? ಕೇಳೋಕೆ ಚೆನ್ನಾಗಿದೆ. ಅದಕ್ಕೂ ದಾರಿ ಇದೆ. ಹತ್ತು ಜನಕ್ಕಿಂತ ಕಡಿಮೆ ಇರುವ ಗುಂಪನ್ನ ಬೇರೆಯಾಗಿ ತೋರಿಸಬಾರದು, ಪಕ್ಕದ ಗುಂಪಿಗೆ ಸೇರಿಸಬೇಕು. ಕೆಲವರು ಐದು ಅಂತಾರೆ, ಇರಲಿ. ಟಪಾಲು, ಭಂಡಾರ, ಎಸ್ಟಾಬ್ಲಿಷ್‌ಮೆಂಟ್ ಎಲ್ಲ ಸೇರಿಸಿ 'ಆಡಳಿತ' ಅಂದರೆ ಮುಗೀತು. ಹೆಸರಿಲ್ಲದಿದ್ದರೆ ಜನ ಸುಳ್ಳು ಬರೀತಾರೆ ಅಂತ ಇನ್ನೊಂದು ವಾದ. ಹೆಸರಿದ್ದಾಗ ಬರೆದ ಸುಳ್ಳನ್ನ ನಿನ್ನೆ ಸಾಲುಸಾಲಾಗಿ ನೋಡಿಬಂದಿದ್ದೇನೆ, ಸಾಕು.

ಕಿರುಕುಳದಂಥ ಪ್ರಶ್ನೆಗೆ ಇನ್ನೂ ಚೆಂದದ ಉಪಾಯ ಇದೆ. ನಾಣ್ಯ. ಯಾರಿಗೂ ಕಾಣದ ಹಾಗೆ ಚಿಮ್ಮಿ. ತಲೆ ಬಿದ್ದರೆ ನಿಜ ಏನೇ ಇರಲಿ 'ಹೌದು' ಅನ್ನಿ. ಇನ್ನೊಂದು ಮಗ್ಗುಲು ಬಿದ್ದರೆ ನಿಜ ಹೇಳಿ. ಈಗ ಒಬ್ಬರು 'ಹೌದು' ಅಂದರೆ ಅದು ನಾಣ್ಯ ಹೇಳಿಸಿದ್ದೋ ಮನಸ್ಸು ಹೇಳಿಸಿದ್ದೋ ಸಾಹೇಬರ ಅಪ್ಪನಿಗೂ ತಿಳಿಯಲ್ಲ. ಲೆಕ್ಕ ಮಾತ್ರ ಸಿಗುತ್ತೆ. ನೂರು ಜನ ಇದ್ದರೆ ಸುಮಾರು 50 'ಹೌದು' ನಾಣ್ಯದ್ದು. ಒಟ್ಟು 65 'ಹೌದು' ಬಂದರೆ, ನಿಜ ಹೇಳಿದ 50 ಜನರಲ್ಲಿ 15 ಮಂದಿಗೆ ತೊಂದರೆ ಆಗಿದೆ ಅಂತ ಲೆಕ್ಕ. ಅಂದರೆ ನೂರಕ್ಕೆ 30. 1965ರಲ್ಲಿ ಸ್ಟ್ಯಾನ್ಲಿ ವಾರ್ನರ್ ಅನ್ನೋ ಸಂಶೋಧಕ ಈ ದಾರಿ ತೋರಿಸಿದ, ನಾಣ್ಯದ್ದು ಆಮೇಲೆ ಬಂದ ಸುಲಭದ ರೂಪ. ನನ್ನ ಹುಡುಗರು ಅರ್ಧ ಗಂಟೆಯಲ್ಲಿ ಕಲಿತು ಆಟ ಆಡ್ತಾರೆ. ಇದನ್ನ ಮೊದಲ ಸಭೆಯಲ್ಲೇ ಹೇಳಿದ್ದೆ. ಸಾಹೇಬರು, "ನಿಮ್ಮನ್ನ ಆಟ ಆಡ್ಸಾಕ ಕರ್ಸೀವೇನ್ರಿ?" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಥೂ.

ರಾತ್ರಿ ಕೂತು ಫೈಲ್ ಇಳಿಸಿಕೊಂಡೆ. ಟಪಾಲು ವಿಭಾಗದ ಹೆಣ್ಣುಮಗಳ ಸಾಲಿಗೆ ಕಣ್ಣು ಹೋಗೇಹೋಯಿತು, ತಡೆಯೋಕೆ ಆಗಲಿಲ್ಲ. ಏನಿತ್ತು ಅಂತ ಹೇಳಲ್ಲ. ಆಮೇಲೆ ಐದೂ ಕಾಲಂ ತೆಗೆದೆ, ಉತ್ತರ ಬಂದ ಸಮಯ ತೆಗೆದೆ, ಸಾಲುಗಳನ್ನ ಕಲೆಸಿದೆ. ಮೂಲ ಫಾರ್ಮನ್ನೂ ಅಳಿಸಿದೆ. ಉಳಿದದ್ದನ್ನ ಬೆಳಿಗ್ಗೆ ಕಳಿಸಿದೆ. ಅಟೆಂಡರನ ಫ್ಯಾನಿನ ಮಾತು ಮಾತ್ರ ಸೆಕ್ಷನ್ ಹೆಸರು ಸಮೇತ ಇಟ್ಟಿದ್ದೇನೆ, ಅವನೇ ಬರಕೊಳ್ರಿ ಅಂದಿದ್ದ.

ಒಂಬತ್ತೂವರೆಯಿಂದ ಸಾಹೇಬರ ನಂಬರ್ ನಾಲ್ಕು ಸಲ ಬಂದಿದೆ. ಇನ್ನೂ ಎತ್ತಿಲ್ಲ.