ಹೆಸರಿಲ್ಲದ ಪೊಟ್ಟಣ, ಹೆಸರಿರುವ ಕಾರ್ಡು

ನನ್ನ ಪರ್ಸಿನಲ್ಲಿ ಒಂದು ನೀಲಿ ಕಾರ್ಡಿದೆ. ಇಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ನನಗೆ ಅಲ್ಸರೇಟಿವ್ ಕೊಲೈಟಿಸ್, ಅಂದರೆ ದೊಡ್ಡ ಕರುಳಿನ ಉರಿಯೂತ, ಜೋರಾದಾಗ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ದಿನಕ್ಕೆ 40 ಮಿಲಿಗ್ರಾಂ, ಆಮೇಲೆ ವಾರಕ್ಕೆ 5 ಮಿಲಿಗ್ರಾಂನಂತೆ ಇಳಿಸುತ್ತಾ ಬರಬೇಕು. ಔಷಧಿ ಅಂಗಡಿಯವರು ಮಾತ್ರೆ ಜೊತೆ ಈ ಕಾರ್ಡನ್ನೂ ಕೊಟ್ಟು, ತಟ್ಟನೆ ನಿಲ್ಲಿಸಬೇಡಿ, ಇದನ್ನು ಯಾವಾಗಲೂ ಜೊತೆಗಿಟ್ಟುಕೊಳ್ಳಿ ಅಂದರು. ಮಾತ್ರೆಯ ಹೆಸರು, ಡೋಸ್ ಎಲ್ಲ ಅದರಲ್ಲಿದೆ.

ಅವತ್ತು ಅಂಗಡಿಯಲ್ಲೇ ಅಮ್ಮ ನೆನಪಾದರು.

ದಾವಣಗೆರೆ ಹತ್ತಿರದ ನಮ್ಮೂರಲ್ಲಿ ಅಮ್ಮನಿಗೆ ಮಂಡಿನೋವು. ಒಂದು ಕ್ಲಿನಿಕ್‌ನಲ್ಲಿ ಸಣ್ಣ ಬಿಳಿ ಮಾತ್ರೆಗಳನ್ನು ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ಎರಡೇ ದಿನಕ್ಕೆ ನೋವು ಮಾಯ. ಕೈಗುಣ ಅಂದರೆ ಇದು ಅಂತ ಎಲ್ಲರೂ ಹೊಗಳಿದರು. ಅಮ್ಮ ತಿಂಗಳುಗಟ್ಟಲೆ ನುಂಗಿದರು. ಮುಖ ದುಂಡಗಾಯಿತು. ವಿಡಿಯೋ ಕಾಲ್‌ನಲ್ಲಿ ನೋಡಿ, ಅಮ್ಮ ಮೈಕೈ ತುಂಬಿಕೊಂಡಿದ್ದಾರೆ ಅಂತ ನಾನೂ ಖುಷಿಪಟ್ಟೆ. ಆಮೇಲೆ ಶುಗರ್ ಏರಿತು. ಒಮ್ಮೆ ನನ್ನ ತಂಗಿ ಮನೆಗೆ ಹೋದಾಗ ಪೊಟ್ಟಣ ಖಾಲಿಯಾಯಿತು. ನಾಲ್ಕನೇ ದಿನ ವಾಂತಿ, ವಿಪರೀತ ಸುಸ್ತು, ಬಿಪಿ ಇಳಿದುಹೋಯಿತು. ಯಾವ ಮಾತ್ರೆ ತಗೊಳ್ತಿದ್ರು ಅಂತ ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಕೇಳಿದರು. ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಬಿಳಿ ಮಾತ್ರೆಯೂ ಸ್ಟೀರಾಯ್ಡೇ ಆಗಿತ್ತು.

ಕಿಡ್ನಿಗಳ ಮೇಲೆ ಅಡ್ರಿನಲ್ ಗ್ರಂಥಿಗಳಿವೆ. ದೇಹಕ್ಕೆ ಬೇಕಾದ ಕಾರ್ಟಿಸೋಲ್ ಅಲ್ಲೇ ತಯಾರಾಗುತ್ತದೆ. ಅದೇ ಕೆಲಸ ಮಾಡುವ ಸ್ಟೀರಾಯ್ಡ್ ಹೊರಗಿನಿಂದ ವಾರಗಟ್ಟಲೆ ಬರುತ್ತಿದ್ದರೆ ಗ್ರಂಥಿಗಳು ಸುಮ್ಮನಾಗಿಬಿಡುತ್ತವೆ. ಮಾತ್ರೆ ತಟ್ಟನೆ ನಿಂತರೆ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ.

ಸ್ಟೀರಾಯ್ಡ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನನ್ನ ಕರುಳಿನ ಉರಿಯೂತ ತಗ್ಗಿಸಿದ್ದು ಅದೇ. 2020ರಲ್ಲಿ ಬ್ರಿಟನ್ನಿನ ರಿಕವರಿ ಅನ್ನೋ ಔಷಧಿ ಪ್ರಯೋಗದಲ್ಲಿ, ವೆಂಟಿಲೇಟರ್ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದು ಭಾಗ ಕಡಿಮೆ ಮಾಡಿದ್ದು ಡೆಕ್ಸಾಮೆಥಾಸೋನ್. ಅದೂ ಇದೇ ಜಾತಿಯ, ತುಂಬಾ ಅಗ್ಗದ ಔಷಧಿ. ಇಲ್ಲಿಯದೆಲ್ಲ ಚೆನ್ನ ಅಂತಲೂ ಅಲ್ಲ. ತಜ್ಞರನ್ನು ನೋಡಲು ನಾನು ವಾರಗಟ್ಟಲೆ ಕಾದಿದ್ದೇನೆ. ಊರಲ್ಲಾದರೆ ಸಂಜೆ ಹೋದರೆ ಸಂಜೆಯೇ ಡಾಕ್ಟರು ಸಿಗುತ್ತಾರೆ. ಅದು ಸಣ್ಣ ಮಾತಲ್ಲ.

ಆದರೆ ಹೊಟ್ಟೆಗೆ ಹೋಗುವ ಮಾತ್ರೆಯ ಹೆಸರು ತಿನ್ನುವವರಿಗೆ ಗೊತ್ತಿರಬೇಕಲ್ವಾ? ಅದಕ್ಕೆ ದುಡ್ಡು ಬೇಕಿಲ್ಲ. ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆದರೂ ಸಾಕಿತ್ತು. ನಮ್ಮವರೂ ಕೇಳುವುದಿಲ್ಲ. ಡಾಕ್ಟರಿಗೆ ಬೇಜಾರಾದೀತು ಅಂತ ಹೆದರುತ್ತಾರೆ.

ಅಮ್ಮನಿಗೆ ಈಗ ಹೊಸ ಡಾಕ್ಟರು ಡೋಸ್ ನಿಧಾನವಾಗಿ ಇಳಿಸುತ್ತಿದ್ದಾರೆ. ತಂಗಿ ಒಂದು ಚೀಟಿ ಬರೆದು ಅಮ್ಮನ ಪರ್ಸಿಗೆ ಹಾಕಿದ್ದಾಳೆ. ಸ್ಟೀರಾಯ್ಡ್ ತಗೊಳ್ತಿದ್ದಾರೆ, ತಟ್ಟನೆ ನಿಲ್ಲಿಸಬಾರದು ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇದೆ. ಕೆಳಗೆ ನಮ್ಮಿಬ್ಬರ ಫೋನ್ ನಂಬರು.