ಪಾರ್ಸ್ ಆದ ಮಾತ್ರಕ್ಕೆ ಸರಿಯಲ್ಲ

ಜಾವಾಸ್ಕ್ರಿಪ್ಟ್ ಯೋಜನೆಯ ಹೆಸರು ಮತ್ತು ಅದರ ಅವಲಂಬನೆಗಳನ್ನು (ಅದಕ್ಕೆ ಬೇಕಾದ ಇತರ ತಂತ್ರಾಂಶಗಳನ್ನು) ಪಟ್ಟಿ ಮಾಡುವ ಪ್ಯಾಕೇಜ್ ಡಾಟ್ ಜೇಸನ್ ಕಡತವು ದೋಷವಿಲ್ಲದೆ ಪಾರ್ಸ್ ಆದರೆ, ಅಂದರೆ ಯಂತ್ರವು ಅದರ ರಚನೆಯನ್ನು ಓದಿಕೊಂಡರೆ, ಪರಿಶೀಲನೆ ಮುಗಿದಂತೆ ಎಂದು ಲೇಖನವೊಂದರಲ್ಲಿ ಓದಿದೆ; ಲೇಖಕರ ಆ ಮಾತನ್ನು ಒಪ್ಪಲಾರೆ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕವೊಂದಕ್ಕೆ ಲೆಕ್ಕದ ತಂತ್ರಾಂಶ ಬರೆಯುವಾಗ, ಒಳಗಿನ ಅವಲಂಬನೆಯೊಂದರ ಆವೃತ್ತಿಯನ್ನು ಕಟ್ಟಿಹಾಕಲು ‘ಓವರ್‌ರೈಡ್ಸ್’ ಎಂದು ಬರೆಯಬೇಕಾದಲ್ಲಿ ನಾನು ಕೊನೆಯ ‘ಎಸ್’ ಬಿಟ್ಟು ಬರೆದಿದ್ದೆ; ಆವರಣ, ಉದ್ಧರಣ ಚಿಹ್ನೆಗಳೆಲ್ಲ ಸರಿಯಿದ್ದುದರಿಂದ, ಅವಲಂಬನೆಗಳನ್ನು ಇಳಿಸಿಕೊಡುವ ಸಾಧನವಾದ ಎನ್‌ಪಿಎಂ ಆ ಭಾಗವನ್ನು ಸದ್ದಿಲ್ಲದೆ ಕಡೆಗಣಿಸಿ ಹಳೆಯ ಆವೃತ್ತಿಯನ್ನೇ ಇಳಿಸಿಕೊಂಡಿತು, ಕಾರಣ ಹುಡುಕುವಷ್ಟರಲ್ಲಿ ಒಂದು ಇಡೀ ಮಧ್ಯಾಹ್ನ (ಅದೂ ನಮ್ಮೂರಿನ ಮೇ ತಿಂಗಳಿನದು) ಕಳೆದಿತ್ತು. ಹೆಚ್ಚುವರಿ ಅಲ್ಪವಿರಾಮವನ್ನು ಪಾರ್ಸರ್ ಹಿಡಿದೀತು. ಇಂಥದ್ದಕ್ಕೆ ಅಪರಿಚಿತ ಕೀಲಿಗಳನ್ನು (ಕಡತದೊಳಗಿನ ಭಾಗಗಳ ಹೆಸರುಗಳನ್ನು) ನಿರಾಕರಿಸುವ, ಪ್ಯಾಕೇಜಿನ ಹೆಸರು 214 ಅಕ್ಷರ ಮೀರದಂತೆ ನೋಡಿಕೊಳ್ಳುವ ನಮ್ಮದೇ ಸ್ಕೀಮಾ (ಕಡತ ಹೇಗಿರಬೇಕೆಂಬ ನಿಯಮಪಟ್ಟಿ) ಬೇಕು. ಅವಲಂಬನೆಗಳ ನಿಖರ ಆವೃತ್ತಿಗಳನ್ನು ದಾಖಲಿಸುವ ಲಾಕ್ ಕಡತದೊಂದಿಗಿನ ಹೊಂದಾಣಿಕೆಯನ್ನು ಮಾತ್ರ ‘ಎನ್‌ಪಿಎಂ ಸಿಐ’ ಆದೇಶವೇ ಪರೀಕ್ಷಿಸಿ, ಹೊಂದದಿದ್ದರೆ ಅಲ್ಲಿಯೇ ನಿಲ್ಲುತ್ತದೆ.