ಬಲಭುಜ ಅರ್ಧ ಇಂಚು ಕೆಳಗೆ

ಹೊಸ ಶರ್ಟಿನಲ್ಲಿ ದಾರ ಜೋತಾಡುತ್ತಿದ್ದರೆ ಅದನ್ನು ಎಳೆಯಬಾರದು. ಇದು ನನಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ಆಫೀಸಿನ ಮೀಟಿಂಗಿನಲ್ಲಿ, ಹನ್ನೆರಡು ಜನರ ಎದುರು.

ನನ್ನ ಸರದಿ ಇನ್ನೂ ಬಂದಿರಲಿಲ್ಲ. ಯಾರೋ ಏನೋ ಹೇಳುತ್ತಿದ್ದರು, ನಾನು ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸುತ್ತಾ ಕೆಳಗೆ ನೋಡಿದರೆ, ಹೊಟ್ಟೆಯ ಮೇಲಿನ ಗುಂಡಿಯಿಂದ ಒಂದು ಬಿಳಿ ದಾರ ಇಣುಕುತ್ತಿತ್ತು. ಸುಮ್ನೆ ಇರಲಾರದೆ ಹಿಡಿದು ಎಳೆದೆ. ಸ್ವಲ್ಪ ಬಂತು. ಇನ್ನೂ ಸ್ವಲ್ಪ ಎಳೆದೆ. ಆಮೇಲೆ ಸರ್ರನೆ ಅಷ್ಟೂ ದಾರ ಬಿಚ್ಚಿಕೊಂಡು ಬಂತು, ಅದರ ಹಿಂದೆಯೇ ಗುಂಡಿಯೂ ಹಾರಿತು, ಮೇಜಿನ ಮೇಲೆ ಉರುಳಿಕೊಂಡು ಹೋಗಿ ಬಾಸ್ ಲ್ಯಾಪ್‌ಟಾಪಿಗೆ ತಗುಲಿ ನಿಂತಿತು. ಎಲ್ಲರೂ ಮೊದಲು ಗುಂಡಿಯನ್ನು ನೋಡಿದರು. ಆಮೇಲೆ ಅದು ಎಲ್ಲಿಂದ ಬಂತು ಅಂತ ಹುಡುಕಿದರು. ಹುಡುಕೋದು ಅವರಿಗೆ ಕಷ್ಟವೇನೂ ಆಗಲಿಲ್ಲ.

ಆವತ್ತಿನ ಪ್ರೆಸೆಂಟೇಶನ್ ಪೂರ್ತಿ ಒಂದು ಫೈಲನ್ನು ಹೊಟ್ಟೆಗೆ ಅವಚಿಕೊಂಡೇ ಕೊಟ್ಟೆ. ಮುಗಿದ ಮೇಲೆ ಒಬ್ಬರು ಬಂದು, "ಆ ಫೈಲಿನಲ್ಲಿರೋದನ್ನ ತೋರಿಸಲೇ ಇಲ್ಲವಲ್ಲ" ಅಂದರು.

ಸಂಜೆ ಗುಂಡಿಯನ್ನು ಜೇಬಿನಲ್ಲಿಟ್ಟುಕೊಂಡು ಟೈಲರ್ ಹತ್ತಿರ ಹೋದೆ. ಕನ್ನಡಕ ಮೂಗಿನ ತುದಿಗೆ ಇಳಿಸಿ ಶರ್ಟನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. "ರೆಡಿಮೇಡ್" ಅಂದರು, ಡಾಕ್ಟರು ರೋಗದ ಹೆಸರು ಹೇಳುವ ಧಾಟಿಯಲ್ಲಿ. ಸಿಮೆಂಟ್ ಚೀಲದ ಬಾಯಿ ಹೊಲಿದಿರುತ್ತಾರಲ್ಲ, ಸರಿಯಾದ ತುದಿ ಸಿಕ್ಕರೆ ಒಂದೇ ಎಳೆತಕ್ಕೆ ಪೂರ್ತಿ ಬಿಚ್ಚಿಕೊಳ್ಳುತ್ತದಲ್ಲ, ಬಹಳಷ್ಟು ರೆಡಿಮೇಡ್ ಶರ್ಟಿನ ಗುಂಡಿಗೂ ಅದೇ ಜಾತಿಯ ಹೊಲಿಗೆ. ಸರಪಳಿ ಹೊಲಿಗೆ. ಒಂದೇ ದಾರ, ಕುಣಿಕೆಯೊಳಗೆ ಕುಣಿಕೆ. ಯಂತ್ರ ಕೆಲವೇ ಸೆಕೆಂಡಿನಲ್ಲಿ ಗುಂಡಿ ಕೂರಿಸಿ ಮುಂದಕ್ಕೆ ಹೋಗುತ್ತದೆ. ಕೊನೆಯ ಕುಣಿಕೆ ಸಡಿಲವಾಗಿ ಉಳಿದರೆ, ನನ್ನಂಥ ಕೈ ಸುಮ್ಮನಿರದವನು ಸಿಕ್ಕರೆ, ಕಥೆ ಮುಗಿಯಿತು.

ಇವರು ಮಾಡಿದ್ದೇ ಬೇರೆ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು ಅದನ್ನೂ ಸೇರಿಸಿಯೇ ನಾಲ್ಕು ತೂತಿನಲ್ಲಿ ದಾರ ಓಡಿಸಿದರು. ಆಮೇಲೆ ಕಡ್ಡಿ ಎಳೆದುಬಿಟ್ಟರು. ಗುಂಡಿ ಬಟ್ಟೆಗೆ ಅಂಟಿಕೊಳ್ಳದೆ ಸ್ವಲ್ಪ ಎದ್ದು ನಿಂತಿತು, ಆ ಸಂದಿನಲ್ಲಿ ದಾರವನ್ನು ಐದಾರು ಸುತ್ತು ಬಿಗಿಯಾಗಿ ಸುತ್ತಿ, ಹಿಂದೆ ಗಂಟು ಹಾಕಿ, ಹಲ್ಲಿನಲ್ಲೇ ಕಡಿದರು. ಈಗ ಗುಂಡಿಗೊಂದು ಕತ್ತು ಬಂದಿತ್ತು. ಕಾಜ ಇರುವ ಕಡೆಯ ಬಟ್ಟೆ ಬಂದು ಕೂರಲು ಜಾಗ ಬೇಡವಾ ಅಂದರು. ಇಷ್ಟು ವರ್ಷ ಶರ್ಟು ಹಾಕಿಕೊಂಡಿದ್ದೇನೆ, ಒಂದು ದಿನವೂ ಈ ಜಾಗದ ಬಗ್ಗೆ ಯೋಚಿಸಿರಲಿಲ್ಲ.

ಮಜಾ ಏನೆಂದರೆ, ಈ ಸರಪಳಿ ಹೊಲಿಗೆಯ ಯಂತ್ರದ ಮೇಲೆ ಹಿಂದೆ ಜಗಳವೇ ಆಗಿದೆ. ಫ್ರಾನ್ಸಿನ ಬಾರ್ತೆಲೆಮಿ ತಿಮೊನಿಯೆ 1830ರಲ್ಲಿ ಇಂಥದ್ದೊಂದು ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಪ್ಯಾರಿಸ್ಸಿನಲ್ಲಿ ಅವುಗಳನ್ನು ಸಾಲಾಗಿ ಕೂರಿಸಿ ಸೈನಿಕರ ಸಮವಸ್ತ್ರ ಹೊಲಿಸತೊಡಗಿದ. ಅನ್ನಕ್ಕೆ ಕಲ್ಲು ಬೀಳುತ್ತದೆ ಅಂತ ಹೆದರಿದ ದರ್ಜಿಗಳು ನುಗ್ಗಿ ಯಂತ್ರಗಳನ್ನೆಲ್ಲ ಪುಡಿ ಮಾಡಿದರು. ತಿಮೊನಿಯೆ ಸ್ವತಃ ದರ್ಜಿ! ಜೀನ್ಸ್ ಪ್ಯಾಂಟಿನ ಜೇಬಿಗೆ ತಾಮ್ರದ ರಿವೆಟ್ ಹೊಡೆಯುವ ಐಡಿಯಾ ಕೂಡ ದರ್ಜಿಯದ್ದೇ. ಅಮೆರಿಕದ ಜೇಕಬ್ ಡೇವಿಸ್ ಕೂಲಿಯವರ ಪ್ಯಾಂಟಿನ ಜೇಬು ಹರಿಯದಂತೆ ಅದನ್ನು ಹೊಡೆದ, 1873ರಲ್ಲಿ ಲೆವಿ ಸ್ಟ್ರಾಸ್ ಜೊತೆ ಸೇರಿ ಪೇಟೆಂಟ್ ಪಡೆದ. ಇದನ್ನೆಲ್ಲ ನಮ್ಮ ಟೈಲರ್‌ಗೆ ಹೇಳಿದೆ. "ಮನೆಯವರೇ ಬೇಲಿ ಕಿತ್ತರು ಅನ್ನಿ" ಅಂದರು.

ಇಷ್ಟಾದ ಮೇಲೂ ನಾನು ರೆಡಿಮೇಡ್ ಬಿಟ್ಟವನಲ್ಲ. ಬಿಡಲು ಆಗುವುದೂ ಇಲ್ಲ, ಬನಿಯನ್ ಹೊಲಿದುಕೊಡಿ ಅಂತ ಯಾರ ಹತ್ತಿರ ಹೋಗಲಿ? ಅದೂ ಅಲ್ಲದೆ ರೆಡಿಮೇಡ್ ಅಂಗಡಿಯಲ್ಲಿ ಒಂದು ಸುಖವಿದೆ. ಅಲ್ಲಿ ಸುಳ್ಳು ಹೇಳುತ್ತಾರೆ. ನನ್ನ ಸೊಂಟಕ್ಕೆ 34ರ ಪ್ಯಾಂಟು ಸರಿಯಾಗಿ ಕೂತಾಗ ಟ್ರಯಲ್ ರೂಮಿನ ಕನ್ನಡಿ ಮುಂದೆ ನಿಂತು ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುವುದು ಬಾಕಿ. ಮನೆಗೆ ಬಂದು ಟೇಪು ಹಿಡಿದರೆ ಅದೇ ಪ್ಯಾಂಟು 36 ಚಿಲ್ಲರೆ. ಗಿರಾಕಿ ಖುಷಿಯಾಗಲಿ ಅಂತ ಎಷ್ಟೋ ಕಂಪನಿಗಳು ಚೀಟಿಯ ಮೇಲೆ ಕಡಿಮೆ ಅಂಕಿ ಬರೆಯುತ್ತವೆ. ಒಬ್ಬರ 34 ಇನ್ನೊಬ್ಬರಿಗೆ 35, ಮತ್ತೊಬ್ಬರಿಗೆ ಏನೋ. ನಾನಂತೂ ಜಾಸ್ತಿ ಸುಳ್ಳು ಹೇಳುವ ಕಂಪನಿಯ ಖಾಯಂ ಗಿರಾಕಿ.

ಆದರೆ ಕೋಟಿನ ವಿಷಯದಲ್ಲಿ ಈ ಸುಳ್ಳು ನಡೆಯುವುದಿಲ್ಲ. ರೆಡಿಮೇಡ್ ಸೂಟಿನಲ್ಲಿ ಎದೆಗಿಂತ ಸೊಂಟ 6 ಇಂಚು ಕಡಿಮೆ ಇರುತ್ತದೆ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿದೇ ಹೊಲಿಯುತ್ತಾರೆ. ನನ್ನಲ್ಲಿ ಈ ವ್ಯತ್ಯಾಸ 2 ಇಂಚು, ಅದೂ ಪ್ರತಿ ವರ್ಷ ಸವೆಯುತ್ತಿದೆ. ಗಂಡಸರ ಸೈಜುಗಳ ಈ ಲೆಕ್ಕಾಚಾರ ಜೋರಾಗಿದ್ದು 1861ರಿಂದ 65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಲಕ್ಷಗಟ್ಟಲೆ ಸೈನಿಕರಿಗೆ ಸಮವಸ್ತ್ರ ಹೊಲಿಯಬೇಕಾಗಿ ಬಂದಾಗ. ಬಂದೂಕು ಹೊತ್ತು ಮೈಲುಗಟ್ಟಲೆ ನಡೆಯುವ ಹುಡುಗರ ಮೈ ಅಳೆದು ಶುರುವಾದ ಲೆಕ್ಕ, ಒಂದೇ ಮಹಡಿಗೆ ಲಿಫ್ಟು ಕಾಯುವ ನನಗೆ ಹೇಗೆ ಹೊಂದೀತು? ಅದಕ್ಕೂ ಸ್ವಲ್ಪ ಮುಂಚೆ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಜಾನ್ ಬ್ಯಾರನ್ ಅನ್ನುವವನು ಮರ ಕೊಯ್ಯುವ ಗರಗಸದ ಮಾದರಿಯಲ್ಲಿ ಬಟ್ಟೆ ಕತ್ತರಿಸುವ ಚಾಕು ತಂದಿದ್ದ. ಒಂದರ ಮೇಲೊಂದು ಪದರ ಪೇರಿಸಿ ಒಂದೇ ಸಲಕ್ಕೆ ಕೊಯ್ಯುವುದು. ಅಷ್ಟೂ ಪದರಕ್ಕೆ ಒಂದೇ ಭುಜ.

ನನ್ನ ಭುಜಗಳು ಎರಡು, ಎರಡೂ ಬೇರೆ ಬೇರೆ ಎತ್ತರ. ಈ ಗುಟ್ಟು ಹೊರಬಿದ್ದಿದ್ದು ಗೆಳೆಯನ ಮದುವೆಗೆ ಸೂಟು ಹೊಲಿಸಲು ಅದೇ ಟೈಲರ್ ಹತ್ತಿರ ಹೋದಾಗ. ಹಿಂದಿನ ಕಾಲದಲ್ಲಿ ಅಂಕಿಯ ಟೇಪು ಇರಲಿಲ್ಲವಂತೆ. ಒಬ್ಬೊಬ್ಬ ಗಿರಾಕಿಗೂ ಒಂದೊಂದು ಕಾಗದದ ಪಟ್ಟಿ, ಅದರ ಮೇಲೆ ಕತ್ತರಿಯಲ್ಲಿ ಕಚ್ಚು ಹಾಕಿಕೊಳ್ಳುತ್ತಿದ್ದರು, ಅಷ್ಟೇ. ಎಂಥ ಮರ್ಯಾದೆಯ ಕಾಲ! ಲಂಡನ್ನಿನ ದುಬಾರಿ ದರ್ಜಿಗಳು ಈಗಲೂ ಗೂನು ಬೆನ್ನು, ಸೊಟ್ಟ ಕಾಲು, ಇಳಿದ ಭುಜಕ್ಕೆಲ್ಲ ಎರಡು ಮೂರು ಅಕ್ಷರದ ಗುಪ್ತ ಸಂಕೇತ ಬರೆದುಕೊಳ್ಳುತ್ತಾರೆ, ಗಿರಾಕಿಗೆ ಬೇಜಾರಾಗಬಾರದಲ್ಲ. ನಮ್ಮವರ ಹತ್ತಿರ ಸಂಕೇತ ಇಲ್ಲ, ದೊಡ್ಡ ಗಂಟಲಿದೆ. ಅಳತೆ ಬರೆದುಕೊಳ್ಳುವ ಹುಡುಗ ಅಂಗಡಿಯ ಆ ತುದಿಯಲ್ಲಿ ಕೂತಿದ್ದ. "ಬಲಭುಜ ಅರ್ಧ ಇಂಚು ಕೆಳಗೆ! ಬೆನ್ನು ಸ್ವಲ್ಪ ಬಾಗಿದೆ, ಬರ್ಕೋ! ಹೊಟ್ಟೆ..." ಇಲ್ಲಿ ಒಂದು ಕ್ಷಣ ನಿಂತರು. ನಾನು ಉಸಿರು ಒಳಗೆ ಎಳೆದುಕೊಂಡೆ. "ಉಸಿರು ಬಿಡಿ ಸಾರ್, ಎಷ್ಟು ಹೊತ್ತು ಹಿಡ್ಕೋತೀರಾ." ಬಿಟ್ಟೆ. ಟೇಪು ಜರುಗಿತು. ಹುಡುಗ ಬರೆದುಕೊಂಡ. ಕಾಯುತ್ತಾ ಕೂತಿದ್ದ ಇನ್ನಿಬ್ಬರೂ ಮನಸ್ಸಿನಲ್ಲೇ ಬರೆದುಕೊಂಡರು.

ಟ್ರಯಲ್‌ಗೆ ಕರೆದಾಗ ಕೋಟು ಪೂರ್ತಿ ಬಿಳಿ ಕಚ್ಚಾ ಹೊಲಿಗೆಯಲ್ಲಿ ನಿಂತಿತ್ತು. ನನಗೆ ಚೆನ್ನಾಗಿಯೇ ಕಂಡಿತು, ಹಾಗಂತ ಹೇಳಿದೆ ಕೂಡ. ಅವರು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮುಂದೆ ಬಂದು ಬಲತೋಳನ್ನು ಪರ್ರನೆ ಕಿತ್ತು ಕೈಗೆ ತೆಗೆದುಕೊಂಡರು. ಸೀಮೆಸುಣ್ಣದಲ್ಲಿ ಏನೇನೋ ಗೀಚಿ, "ನಾಳಿದ್ದು ಬನ್ನಿ" ಅಂದರು. ಆ ನಾಳಿದ್ದು ಬರಲೇ ಇಲ್ಲ. ಲಂಡನ್ನಿನ ಸ್ಯಾವಿಲ್ ರೋ ಬೀದಿಯಲ್ಲಿ ಒಂದು ಸೂಟಿಗೆ 50 ಗಂಟೆಗೂ ಜಾಸ್ತಿ ಕೈಕೆಲಸ ಹಿಡಿಯುತ್ತದೆ ಅಂತ ನಾನೂ ಓದಿದ್ದೇನೆ, ಆದರೆ ಆ 50 ಗಂಟೆ ಶುರುವಾಗಬೇಕಲ್ಲ. ಒಂದು ದಿನ ಕಾಜ ಮಾಡುವವನು ಬಂದಿಲ್ಲ, ಇನ್ನೊಂದು ದಿನ ಕರೆಂಟಿಲ್ಲ, ಮತ್ತೊಂದು ದಿನ ನನ್ನನ್ನು ನೋಡಿದ ಕೂಡಲೇ ನನ್ನ ಬಟ್ಟೆಯ ಗಂಟನ್ನು ಮೇಲೆತ್ತಿ ತೋರಿಸಿ, "ನಿಮ್ಮದೇ ಕೈಗೆತ್ತಿಕೊಂಡಿದ್ದೆ" ಅಂದರು. ಕುಶಲಕರ್ಮಿಗಳ ಬಗ್ಗೆ ಉದ್ದುದ್ದ ಹೊಗಳಿ ಬರೆಯುವವರು ಯಾರೂ ಮದುವೆಯ ಹಿಂದಿನ ದಿನ ಅವರ ಅಂಗಡಿಯ ಮೆಟ್ಟಿಲ ಮೇಲೆ ಕೂತಿರಲಾರರು.

ಕೊನೆಗೆ ರಾತ್ರಿ ಓಡಿಹೋಗಿ ಒಂದು ರೆಡಿಮೇಡ್ ಸೂಟು ತಂದೆ. ಹತ್ತು ನಿಮಿಷದ ಕೆಲಸ. ಮದುವೆಯಲ್ಲಿ ಫೋನ್ ಇಡೋಣ ಅಂತ ಕೈ ಹಾಕಿದರೆ ಕೋಟಿಗೆ ಜೇಬೇ ಇಲ್ಲ, ಮುಚ್ಚಳ ಇದೆ, ಸೀಳು ಇದೆ, ಒಳಗೆ ದಾರಿಯಿಲ್ಲ. ಕಾಸು ಉಳಿಸಲು ಬರೀ ಶೋಗೆ ಇಟ್ಟಿದ್ದಾರೆ ಅಂದುಕೊಂಡು ಇಡೀ ಸಂಜೆ ಫೋನನ್ನು ಕೈಯಲ್ಲೇ ಹಿಡಿದುಕೊಂಡು ಓಡಾಡಿದೆ. ಫೋಟೋಗೆ ನಿಂತಾಗ ಹಿಂದಿನಿಂದ ಒಬ್ಬ ಹಿರಿಯರು ಕಿವಿಯಲ್ಲಿ ಹೇಳಿದರು: ಜೇಬಿಗೆ ಹಾಕಿರೋದು ಆಕಾರ ಕೆಡದಿರಲಿ ಅಂತ ಬರೀ ಮೇಲುಹೊಲಿಗೆ, ಬಿಚ್ಚಿಕೊಳ್ಳಬೇಕು. ಬೆನ್ನ ಹಿಂದಿನ ಸೀಳಿಗೆ ಇಂಟು ಗುರುತಿನ ಹಾಗೆ ಹಾಕಿದ ದಾರವನ್ನೂ ಬಿಚ್ಚಬೇಕು. ಎಡತೋಳಿನ ಮೇಲಿನ ಕಂಪನಿ ಚೀಟಿ ಅಲಂಕಾರ ಅಲ್ಲ, ಅದನ್ನೂ ಬಿಚ್ಚಬೇಕು. ಅಷ್ಟರಲ್ಲಿ ಫೋಟೋಗ್ರಾಫರ್ ಕ್ಲಿಕ್ ಮಾಡಿಯಾಗಿತ್ತು. ಗೆಳೆಯನ ಆಲ್ಬಮ್ಮಿನಲ್ಲಿ ವಧುವಿನ ಪಕ್ಕ ನನ್ನ ಎಡತೋಳು, ಚೀಟಿಯಲ್ಲಿರೋದು ಕನ್ನಡಕ ಇಲ್ಲದೆ ಓದಬಹುದು.

ಮೂರು ಸಲ ಡ್ರೈಕ್ಲೀನ್ ಮಾಡಿಸಿದ ಮೇಲೆ ಆ ಕೋಟಿನ ಎದೆಯ ಮೇಲೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಟೈಲರ್‌ಗೆ ತೋರಿಸಿದೆ. ಕೋಟಿನ ಎದೆ ನೆಟ್ಟಗೆ ನಿಲ್ಲಲು ಒಳಗೊಂದು ಪದರ ಬೇಕು. ಕೈಕೆಲಸದಲ್ಲಿ ಅದು ಉಣ್ಣೆ, ಕುದುರೆ ಕೂದಲು ಸೇರಿಸಿ ನೇಯ್ದ ಕ್ಯಾನ್ವಾಸ್. ಸಣ್ಣ ಸಣ್ಣ ಹೊಲಿಗೆ ಹಾಕಿ ಮೈಗೆ ತಕ್ಕ ಬಾಗು ಕೊಟ್ಟು ಕೂರಿಸುತ್ತಾರೆ. ಕಾರ್ಖಾನೆಯಲ್ಲಿ ಹೆಚ್ಚಾಗಿ ಬಿಸಿ ಒತ್ತಿ ಅಂಟಿನಲ್ಲಿ ಅಂಟಿಸಿಬಿಡುತ್ತಾರೆ. ಅಂಟು ಬಿಟ್ಟ ಕಡೆ ಗುಳ್ಳೆ. "ಇದಕ್ಕೆ ಔಷಧಿ ಇಲ್ಲ" ಅಂತ ಮಡಚಿ ಕೈಗೆ ಕೊಟ್ಟರು.

ಅವರು ಹೊಲಿದ ಸೂಟು ಮದುವೆಯಾಗಿ ಹನ್ನೊಂದು ದಿನಕ್ಕೆ ಸಿಕ್ಕಿತು. ಕನ್ನಡಿಯಲ್ಲಿ ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಎರಡೂ ಭುಜ ಸಮವಾಗಿ ಕಂಡವು. ಬಲಗಡೆ ಒಳಗೆ ತೆಳ್ಳಗೆ ಹತ್ತಿ ಇಟ್ಟಿದ್ದರು, ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಷ್ಟು ಜೋರಾಗಿ ಕೂಗಿದ ಮನುಷ್ಯ ಇಲ್ಲಿ ಮಾತ್ರ ಸುಮ್ಮನಿದ್ದರು.

ಮೊನ್ನೆ ಅದೇ ಪ್ಯಾಂಟಿನ ಕೊಕ್ಕೆ ಹಾಕಲು ಹೋದರೆ ಎರಡೂ ತುದಿ ಒಂದನ್ನೊಂದು ದೂರದಿಂದ ನೋಡುತ್ತಿದ್ದವು. ತೆಗೆದುಕೊಂಡು ಹೋದೆ. ಒಗೆದು ಕುಗ್ಗಿರಬೇಕು ಅಂತ ಪೀಠಿಕೆ ಹಾಕಿದೆ. ಅವರು ಏನೂ ಹೇಳದೆ ಹಿಂದಿನ ಹೊಲಿಗೆ ಬಿಚ್ಚಿ ತೋರಿಸಿದರು. ರೆಡಿಮೇಡಿನಲ್ಲಾದರೆ ಅಲ್ಲಿ ಬೆರಳಗಲವೂ ಬಟ್ಟೆ ಇರುತ್ತಿರಲಿಲ್ಲ. ಇಲ್ಲಿ ಎರಡೂ ಕಡೆ ಧಾರಾಳವಾಗಿ ಮಡಚಿ ಒಳಗೆ ಬಿಟ್ಟಿದ್ದರು, ಅದರ ಮೇಲೆ ಸೀಮೆಸುಣ್ಣದ ಗೆರೆಯೂ ಮಸುಕಾಗಿ ಹಾಗೇ ಇತ್ತು.

"ಇಷ್ಟು ಯಾಕೆ ಬಿಟ್ಟಿದ್ರಿ?"

"ಆವತ್ತು ಉಸಿರು ಹಿಡ್ಕೊಂಡ್ರಲ್ಲ, ಆವಾಗಲೇ ಗೊತ್ತಾಯ್ತು" ಅಂದರು. ಟೇಪಿನಲ್ಲಿ ಇನ್ನೊಮ್ಮೆ ಅಳೆದು ಹುಡುಗನ ಕಡೆ ತಿರುಗಿ ಕೂಗಿದರು: "ಇನ್ನೂ ಮುಕ್ಕಾಲು ಇಂಚು ಉಳಿದಿದೆ, ಬರ್ಕೋ!"